ದುರ್ಗಮ್ಮ ಆಡದ ವಾಕ್ಯ

ಸಿದ್ದಾಪುರ ತಾಲೂಕಿನ ಮನ್ಮನೆಯಿಂದ ಎರಡು ಕಿಲೋಮೀಟರ್ ಒಳಗೆ, ಗದ್ದೆಬಯಲಿನ ಅಂಚಿನಲ್ಲಿ ಹತ್ತೊಂಬತ್ತು ಮನೆಗಳ ಕೇರಿಯೊಂದಿದೆ. ಆ ಕೇರಿಯಲ್ಲಿ ಹುಟ್ಟಿ ಇಪ್ಪತ್ತೈದು ದಾಟಿದ, ಐವತ್ತು ಮುಟ್ಟದವರನ್ನೆಲ್ಲ ಭೂಮಿಗಿಳಿಸಿದ ಕೈ ದುರ್ಗಮ್ಮನದು. ಸುತ್ತಲಿನ ನಾಲ್ಕಾರು ಊರುಗಳಲ್ಲೂ ಹೆರಿಗೆ ಎಂದರೆ ಅವಳನ್ನೇ ಕರೆಯುತ್ತಿದ್ದರು. ಅತ್ತೆಯಿಂದ ಕಲಿತ ಕೆಲಸ. ನಾಲಿಗೆ ಮಾತ್ರ ಬಹಳ ಹರಿತ. ನೋವು ತಿನ್ನುವ ಹೆಂಗಸರಿಗೆ ಬೈದು, ತೊಡೆಗೊಂದು ಏಟು ಕೊಟ್ಟು, ಕೂಸು ಹೊರಗೆ ಬಂದ ಮೇಲೆ ತಾನೇ ಅತ್ತುಬಿಡುತ್ತಿದ್ದಳು. ಮನೆಯ ಹೆರಿಗೆಗಳು ನಿಂತು ಎಲ್ಲರೂ ಸಿದ್ದಾಪುರದ ಆಸ್ಪತ್ರೆಗೆ ಹೋಗತೊಡಗಿದ ಮೇಲೂ ಬಾಣಂತಿಗೆ, ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದಕ್ಕೆ ಅವಳೇ ಬೇಕಿತ್ತು. ಮಗ ಸೋಮ ಗದ್ದೆ ನೋಡಿಕೊಳ್ಳುತ್ತಿದ್ದ. ಸೊಸೆ ನೇತ್ರಾ ಹತ್ತನೆಯ ತರಗತಿ ಓದಿದವಳು, ಆಶಾ ಕಾರ್ಯಕರ್ತೆ. ಬಸುರಿಯರ ಹೆಸರು ಬರೆದುಕೊಳ್ಳುವುದು, ಕೂಸುಗಳ ತೂಕ ನೋಡುವುದು ಅವಳ ಕೆಲಸ. ಅತ್ತೆ ಸೊಸೆ ಒಂದೇ ಮನೆಗೆ ಹೋಗಿ, ಒಬ್ಬಳು ತೂಕ ಮಾಡಿದರೆ ಇನ್ನೊಬ್ಬಳು ನೀರು ಹಾಕಿ ಬರುವುದೂ ಇತ್ತು.

ದುರ್ಗಮ್ಮನಿಗೆ ಎಪ್ಪತ್ತೆರಡಾದ ವರ್ಷ, ೨೦೨೨ರ ನವೆಂಬರಿನಲ್ಲಿ, ಅಭಿಜ್ಞಾ ಎಂಬ ಹುಡುಗಿ ಸ್ಕೂಟಿಯಲ್ಲಿ ಕೇರಿಗೆ ಬಂದಳು. ಮಂಚಿಕೇರಿ ಕಡೆಯ ತೋಟಸ್ಥರ ಮನೆಯವಳು. ಶಿರಸಿಯ ಕಾಲೇಜೊಂದರಲ್ಲಿ ಎಂ.ಎ. ಕೊನೆಯ ವರ್ಷ. ಸಿದ್ದಾಪುರ ತಾಲೂಕಿನ ಸೂಲಗಿತ್ತಿಯರ ಬಗ್ಗೆ ಕಿರುಪ್ರಬಂಧ ಬರೆಯುವುದಿತ್ತು. ಅದಕ್ಕೆ ‘ವಕ್ತೃ’ಗಳು ಬೇಕು, ಎಂದರೆ ಗೊತ್ತಿದ್ದನ್ನು ಬಾಯಿಂದ ಹೇಳುವವರು. ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿ ಹಿಡಿದುಕೊಂಡು, ಅವರ ಹೆಸರು, ವಯಸ್ಸು, ಊರು ಹಾಕಿ ಪ್ರಬಂಧದಲ್ಲಿ ಉಲ್ಲೇಖಿಸಬೇಕು.

“ಹೆಸರು ಹಾಕೂದು ಎಂತಕ್ಕೆ ತಂಗೀ?” ಎಂದು ದುರ್ಗಮ್ಮ ಕೇಳಿದಳು.

“ನೀವು ಹೇಳಿದ್ದನ್ನ ನಾನೇ ಹೇಳ್ದೆ ಅಂತ ಆಗ್ಬಾರ್ದಲ್ಲ ದುರ್ಗಮ್ಮ. ಯಾರ ಮಾತು ಅಂತ ಬರೀಲೇಬೇಕು. ಅದು ಮರ್ಯಾದೆ.”

ಆ ಮಾತು ದುರ್ಗಮ್ಮನಿಗೆ ಹಿಡಿಸಿತು. ಮೂರು ದಿನ ಕೂತು ಹೇಳಿದಳು. ಹೊಟ್ಟೆ ಮುಟ್ಟಿ ಕೂಸು ಅಡ್ಡ ಇದೆಯೋ ನೆಟ್ಟಗಿದೆಯೋ ತಿಳಿಯುವುದು ಹೇಗೆ, ಮಾಸು ಬೀಳದಿದ್ದರೆ ಏನು ಮಾಡುವುದು, ಯಾವ ಹೆರಿಗೆಗೆ ಹೆದರಿ ಓಡಿಹೋಗಬೇಕೆನಿಸಿತ್ತು, ಎಲ್ಲ. ಮೂರನೆಯ ದಿನ ಮಧ್ಯಾಹ್ನ, ಅಭಿಜ್ಞಾ ಸತ್ತುಹೋದ ಕೂಸುಗಳ ಬಗ್ಗೆ ಕೇಳಿದಳು. ದುರ್ಗಮ್ಮ ಹೇಳಿದ ಮಾತು ಇದು:

“ನಾನೂರರ ಮ್ಯಾಲೆ ಹೆರಿಗೆ ಮಾಡ್ಸಿದ್ದೀನಿ. ಉಳೀದೇ ಹೋದ ಹೆಣ್ಣುಕೂಸು ಮೂರು. ಗಂಡಾಗಿದ್ರೆ ಮನೆಯವ್ರು ಉಳಿಸ್ಕಳೂಕೆ ಓಡಾಡ್ತಿದ್ರು, ಹೆಣ್ಣಲ್ದಾ, ಸುಮ್ನೆ ಕೂತ್ರು. ಮೂರನ್ನೂ ಈ ಕೈಯಾಗೇ ಮಣ್ಣು ಮಾಡ್ದೆ. ನೆನಸ್ಕಂಡ್ರೆ ಅನ್ನ ಇಳೀತಿಲ್ಲ.”

ಅದರ ಬೆನ್ನಿಗೇ, ಆ ಮೂರರಲ್ಲಿ ಒಂದು ಕೂಸಿನ ವಿಷಯ ಬಿಚ್ಚಿಟ್ಟಳು. ಮುಗಿದ ಮೇಲೆ, “ಇದೊಂದು ಬರೀಬ್ಯಾಡ ತಂಗೀ” ಎಂದಳು. ಅಭಿಜ್ಞಾ ಬರೆಯಲಿಲ್ಲ. ಆ ಮಟ್ಟಿಗೆ ಅವಳು ಮಾತು ಉಳಿಸಿಕೊಂಡಳು. ಧ್ವನಿ ಮಾತ್ರ ಮೊಬೈಲಿನಲ್ಲಿ ಉಳಿಯಿತು.

ಅಭಿಜ್ಞಾಳ ಮಾರ್ಗದರ್ಶಕರು ಗಂಗಾಂಬಿಕಾ ಮೇಡಂ. ಅವರ ಕೆಂಪು ಪೆನ್ನಿಗೆ ವಿಭಾಗದ ಹುಡುಗರೆಲ್ಲ ಹೆದರುತ್ತಿದ್ದರು. ಮೊದಲ ಕರಡನ್ನು ಹತ್ತು ನಿಮಿಷ ತಿರುವಿ ಹಾಕಿದ ಮೇಡಂ ಅದನ್ನು ಮೇಜಿನ ಆಚೆ ತಳ್ಳಿದರು.

“ಅರ್ಧ ಪ್ರಬಂಧ ಆ ಮುದುಕಿನೇ ಬರ್ದಂಗಿದೆ. ನಿಂದೆಲ್ಲಿದೆ ಇದ್ರಲ್ಲಿ? ಪುಟಕ್ಕೆ ಮೂರು ನೇರ ಉಲ್ಲೇಖ ಹಾಕಿದ್ರೆ ಅದು ಸಂಶೋಧನೆ ಅಲ್ಲ, ನಕಲು. ಆ ಆಡುಮಾತು ಪರೀಕ್ಷಕರಿಗೆ ಅರ್ಥ ಆಗುತ್ತಾ? ಸ್ವಂತ ವಾಕ್ಯದಲ್ಲಿ, ಗ್ರಂಥದ ಭಾಷೆಯಲ್ಲಿ ಸಂಗ್ರಹಿಸಿ ಬರಿ. ಕೆಳಗೆ ಅಡಿಟಿಪ್ಪಣಿ ಹಾಕು.”

ಒಪ್ಪಿಸುವುದಕ್ಕೆ ಮೂರು ದಿನ ಉಳಿದಿತ್ತು. ಅಭಿಜ್ಞಾ ಒಂದು ಭಾನುವಾರ ಹಗಲೆಲ್ಲ ಹಾಸ್ಟೆಲಿನಲ್ಲಿ ಕೂತು ದುರ್ಗಮ್ಮನ ನಲವತ್ತೆರಡು ಮಾತುಗಳನ್ನು ತನ್ನ ವಾಕ್ಯಗಳಾಗಿ ಬದಲಾಯಿಸಿದಳು. ಉದ್ಧರಣ ಚಿಹ್ನೆಗಳನ್ನು ತೆಗೆದಳು. ‘ನಾನು’ ಇದ್ದಲ್ಲಿ ‘ವಕ್ತೃ’ ಬಂತು. ಎರಡು ಮೂರು ವಾಕ್ಯಗಳಿದ್ದಲ್ಲಿ ಒಂದೇ ಆಯಿತು. ಸಂಜೆಯ ಹೊತ್ತಿಗೆ ಎಪ್ಪತ್ತೊಂದನೆಯ ಪುಟದಲ್ಲಿ ಹೀಗೊಂದು ವಾಕ್ಯ ತಯಾರಾಗಿತ್ತು: ‘ಹೆಣ್ಣೆಂಬ ಕಾರಣಕ್ಕೆ ಉಳಿಸಿಕೊಳ್ಳದೆ ಮೂರು ಶಿಶುಗಳನ್ನು ತಮ್ಮ ಕೈಯಾರೆ ಮಣ್ಣು ಮಾಡಿದ್ದಾಗಿ ವಕ್ತೃ ಹೇಳುತ್ತಾರೆ.’

ಸುಮ್ಮನೆ ಕೂತ ಮನೆಯವರು ಆ ವಾಕ್ಯದಲ್ಲಿರಲಿಲ್ಲ. ಉಳಿಸಿಕೊಳ್ಳದವಳೂ ಮಣ್ಣು ಮಾಡಿದವಳೂ ಒಬ್ಬಳೇ ಆಗಿದ್ದಳು. ಅಭಿಜ್ಞಾ ಅದನ್ನು ಗಮನಿಸಲಿಲ್ಲ. ಮೇಡಂ ಅದರ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘ಚೆನ್ನಾಗಿದೆ’ ಎಂದು ಬರೆದರು. ಪ್ರಬಂಧಕ್ಕೆ ವಿಭಾಗದಲ್ಲೇ ಹೆಚ್ಚಿನ ಅಂಕ ಬಂತು. ಕೊನೆಯ ಪುಟದಲ್ಲಿ ವಕ್ತೃಗಳ ಪಟ್ಟಿ: ದುರ್ಗಮ್ಮ, ವಯಸ್ಸು ೭೨, ಅನಕ್ಷರಸ್ಥೆ, ಮನ್ಮನೆ ಸಮೀಪ, ಸಿದ್ದಾಪುರ ತಾಲೂಕು. ಪಕ್ಕದಲ್ಲಿ ಫೋಟೋ. ಫೋಟೋದಲ್ಲಿ ಅವಳು ನಗುತ್ತಿದ್ದಳು.

ಮರುವರ್ಷ ಆ ಪ್ರಬಂಧವನ್ನು ಗ್ರಂಥಾಲಯದಲ್ಲಿ ಓದಿದವನು ಸುಜಯ. ಯಲ್ಲಾಪುರದಲ್ಲಿ ಅತಿಥಿ ಉಪನ್ಯಾಸಕ, ಮುಂಡಗೋಡ ಕಡೆಯವನು. ಒಂದು ವಿಚಾರಸಂಕಿರಣಕ್ಕೆ ಪ್ರಬಂಧ ಓದಬೇಕಿತ್ತು, ಓದಿದವರಿಗೆ ಪ್ರಮಾಣಪತ್ರ ಸಿಗುತ್ತಿತ್ತು. ಅವನು ದುರ್ಗಮ್ಮನನ್ನು ನೋಡಿರಲಿಲ್ಲ, ನೋಡುವ ಅಗತ್ಯವೂ ಕಾಣಲಿಲ್ಲ, ಪುಟಸಂಖ್ಯೆ ಸಿಕ್ಕಿತ್ತಲ್ಲ. ಅಭಿಜ್ಞಾಳ ವಾಕ್ಯವನ್ನು ಹಾಗೇ ಎತ್ತಿಕೊಂಡರೆ ಕೃತಿಚೌರ್ಯವೆನ್ನುತ್ತಾರೆಂದು ಅವನೂ ತನ್ನ ಮಾತಿನಲ್ಲಿ ಬರೆದ: ‘ಹೆಣ್ಣೆಂಬ ಕಾರಣಕ್ಕೆ ಮೂರು ಶಿಶುಗಳನ್ನು ಕೈಯಾರೆ ಮುಗಿಸಿದ್ದನ್ನು ಸಿದ್ದಾಪುರ ತಾಲೂಕಿನ ಸೂಲಗಿತ್ತಿಯೊಬ್ಬಳು ಒಪ್ಪಿಕೊಂಡಿದ್ದಾಳೆ (ಅಭಿಜ್ಞಾ, ೨೦೨೩, ಪು. ೭೧).’ ‘ಹೇಳುತ್ತಾರೆ’ ಎಂದಿದ್ದು ‘ಒಪ್ಪಿಕೊಂಡಿದ್ದಾಳೆ’ ಆಯಿತು. ಆವರಣದೊಳಗೆ ಹೆಸರು, ಇಸವಿ, ಪುಟ ಎಲ್ಲ ನಿಯಮದ ಪ್ರಕಾರ ಸರಿಯಾಗಿದ್ದವು.

ಮಹಿಳಾ ದಿನಾಚರಣೆಗೆ ಜಿಲ್ಲೆಯ ಪತ್ರಿಕೆಯೊಂದು ಲೇಖನ ಕೇಳಿತು. ಸುಜಯ ಸಂಕಿರಣದ ತನ್ನ ಪ್ರಬಂಧವನ್ನೇ ಚಿಕ್ಕದು ಮಾಡಿ ಕೊಟ್ಟ. ಸಾಮಾನ್ಯ ಓದುಗರಿಗೆ ಆವರಣ, ಪುಟಸಂಖ್ಯೆ ಬೇಡವೆಂದು ತೆಗೆದು, ಅದರ ಬದಲು ವಕ್ತೃಗಳ ಪಟ್ಟಿಯಿಂದ ಹೆಸರು, ಊರು ಸೇರಿಸಿದ. ತಲೆಬರಹ ಕೊಟ್ಟವರು ಪತ್ರಿಕೆಯವರು. ೨೦೨೪ರ ಮಾರ್ಚ್ ಎಂಟರಂದು ಅದು ಅಚ್ಚಾಯಿತು: ‘ಮೂರು ಹೆಣ್ಣು ಶಿಶುಗಳನ್ನು ಕೊಂದೆ’: ಸೂಲಗಿತ್ತಿಯ ತಪ್ಪೊಪ್ಪಿಗೆ.

ದುರ್ಗಮ್ಮ ಯಾವತ್ತೂ ಆಡದ ಮಾತಿಗೆ ಉದ್ಧರಣ ಚಿಹ್ನೆ ಬಂದಿತ್ತು.

ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಒಂಬತ್ತು ಗಂಟೆಯ ಹೊತ್ತಿಗೆ ಅದರ ಫೋಟೋ ಊರಿನ ಎಲ್ಲ ಮೊಬೈಲುಗಳಲ್ಲಿತ್ತು. ನೇತ್ರಾ ಆಶಾ ಕಾರ್ಯಕರ್ತೆಯರ ಸಭೆಗೆಂದು ಸಿದ್ದಾಪುರಕ್ಕೆ ಹೊರಟವಳು ಬಸ್ಸಿನಲ್ಲೇ ಅದನ್ನು ಓದಿದಳು. ಮುಂದಿನ ನಿಲ್ದಾಣದಲ್ಲಿ ಇಳಿದು ಮನೆಗೆ ನಡೆದು ಬಂದಳು. ಅತ್ತೆ ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

“ಅತ್ತೇ, ಆ ಮಂಚಿಕೇರಿ ತಂಗಿ ಹತ್ರ ನೀವು ಎಂತ ಹೇಳಿದ್ರಿ?”

“ಕೇಳಿದ್ದೆಲ್ಲ ಹೇಳ್ದೆ. ಎಂತಕ್ಕೆ?”

ನೇತ್ರಾ ಓದಿ ಹೇಳಿದಳು. ದುರ್ಗಮ್ಮ ಇನ್ನೊಮ್ಮೆ ಓದು ಎಂದಳು. ಎರಡನೆಯ ಸಲ ಕೇಳಿದ ಮೇಲೆ, “ಇದ್ರಾಗೆ ನನ್ನ ಹೆಸರು ಎಲ್ಲಿದೆ, ತೋರ್ಸು” ಎಂದಳು. ನೇತ್ರಾ ತೋರಿಸಿದ ಜಾಗವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ಆಮೇಲಿನ ಒಂದು ತಿಂಗಳಲ್ಲಿ ನಡೆದದ್ದನ್ನು ನೇತ್ರಾ ಇವತ್ತಿಗೂ ಯಾರಿಗೂ ಪೂರ್ತಿ ಹೇಳುವುದಿಲ್ಲ. ಡೇರಿಯ ಪಕ್ಕದ ಮನೆಯ ಬಾಣಂತಿ, ದುರ್ಗಮ್ಮ ಎಣ್ಣೆ ಬಿಸಿ ಮಾಡಿ ಕಾಯುತ್ತಿರುವಾಗಲೇ ಬಾಗಿಲು ಹಾಕಿಕೊಂಡಳು. ದಾರಿಯಲ್ಲಿ ಎದುರಾದ ಹೆಂಗಸರು ಸೊಂಟದ ಮೇಲಿನ ಮಕ್ಕಳ ಮುಖಕ್ಕೆ ಸೆರಗು ಮುಚ್ಚಿದರು. ಠಾಣೆಯಿಂದ ಇಬ್ಬರು ಬಂದು ವಿಚಾರಿಸಿ, ದುರ್ಗಮ್ಮ ಹೇಳಿದ್ದನ್ನು ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಅದರಿಂದ ಏನೂ ಆಗಲಿಲ್ಲ. ಆದರೆ ಊರಿಗೆ ಪೊಲೀಸರ ಜೀಪು ಬಂದಿದ್ದೇ ಸಾಕ್ಷಿಯಾಯಿತು. ನೇತ್ರಾ ತೂಕದ ಯಂತ್ರ ಹಿಡಿದು ಹೋದರೆ, “ನಾವೇ ಸಿದ್ದಾಪುರಕ್ಕೆ ಹೋಗಿ ತೂಕ ಮಾಡಿಸ್ತೇವೆ” ಎಂದರು.

ಎಲ್ಲರಿಗಿಂತ ಹೆಚ್ಚು ನೊಂದವಳು ಗೌರಕ್ಕ. ಮೂರು ಮನೆ ಆಚೆ ಇರುವವಳು, ಐವತ್ತೈದು ವರ್ಷ, ಗಂಡ ಮಾದೇವ. ೧೯೯೩ರಲ್ಲಿ ಅವಳ ಚೊಚ್ಚಲ ಹೆರಿಗೆ ಮಾಡಿಸಿದವಳು ದುರ್ಗಮ್ಮ. ಹೆಣ್ಣುಕೂಸು. ಗೌರಕ್ಕ ರಕ್ತ ಹೋಗಿ ಪ್ರಜ್ಞೆ ತಪ್ಪಿದ್ದಳು. ಎಚ್ಚರಾದಾಗ, “ಬರ್ತಾನೇ ಉಸಿರಿರ್ಲಿಲ್ಲ ಮಗಾ” ಎಂದು ದುರ್ಗಮ್ಮ ಹೇಳಿದ್ದಳು. ಆಮೇಲೆ ಎರಡು ಗಂಡುಮಕ್ಕಳಾದವು, ಅವನ್ನೂ ಹಿಡಿದವಳು ದುರ್ಗಮ್ಮನೇ. ಮೂವತ್ತು ವರ್ಷ ಅವರಿಬ್ಬರು ಒಬ್ಬರ ಮನೆಯ ಒಲೆ ಇನ್ನೊಬ್ಬರದು ಎಂಬಂತೆ ಬದುಕಿದ್ದರು.

ಪತ್ರಿಕೆ ಬಂದ ಮೂರನೆಯ ದಿನ ಗೌರಕ್ಕ ದುರ್ಗಮ್ಮನ ಅಂಗಳಕ್ಕೆ ಬಂದು ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ.

“ಆ ಮೂರರಾಗೆ ನಂದೂ ಒಂದಾ?”

“ಗೌರೀ, ನಾ ಹಂಗೆ ಹೇಳೇ ಇಲ್ಲ. ಅದು ಸುಳ್ಳು.”

“ಮೂರು ಅಂದಿದ್ದು ಸುಳ್ಳಾ?”

“ಮೂರು ಹೌದು.”

“ನಂದು ಅದ್ರಾಗೆ ಒಂದು ಹೌದಾ?”

“ಹೌದು. ಆದ್ರೆ...”

“ಮಣ್ಣು ಮಾಡಿದ್ದು ನೀನೇ ಹೌದಾ?”

ದುರ್ಗಮ್ಮ ಹೌದೆಂದು ತಲೆಯಾಡಿಸಿದಳು. ಗೌರಕ್ಕ ಕಾಲಡಿಯ ಒಂದು ಹಿಡಿ ಮಣ್ಣನ್ನು ಎತ್ತಿ ದುರ್ಗಮ್ಮನ ಮುಖಕ್ಕೆ ಎರಚಿದಳು. ಕೇರಿಯವರೆಲ್ಲ ನೋಡುತ್ತಿದ್ದರು. ಯಾರೂ ಬಿಡಿಸಲು ಬರಲಿಲ್ಲ. ತಮ್ಮ ಅಂಗಳದಲ್ಲಿ ನಿಂತಿದ್ದ ಮಾದೇವನೂ ಬರಲಿಲ್ಲ.

ನೇತ್ರಾ ಸುಮ್ಮನೆ ಕೂರುವ ಹೆಂಗಸಲ್ಲ. ಲೇಖನದ ಕೆಳಗಿದ್ದ ಹೆಸರು ಹಿಡಿದು ಯಲ್ಲಾಪುರಕ್ಕೆ ಹೋದಳು. ಶಿರಸಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರದ ಹೆದ್ದಾರಿಯಲ್ಲಿ ಲಾರಿಗಳ ಸಾಲು ದಾಟಿ, ಕಾಲೇಜಿನ ಸಿಬ್ಬಂದಿ ಕೋಣೆಯ ಹೊರಗೆ ಎರಡು ಗಂಟೆ ಕಾದಳು. ಸುಜಯ ಬಂದ. ಕೆಟ್ಟವನೇನಲ್ಲ. ಕುರ್ಚಿ ಕೊಟ್ಟು, ನೀರು ತರಿಸಿದ. ತನ್ನ ವಿಚಾರಸಂಕಿರಣದ ಪ್ರಬಂಧವನ್ನು ತೆಗೆದು ತೋರಿಸಿದ.

“ಇಲ್ಲಿ ನೋಡ್ರಿ. ನಾ ನನ್ನ ಮನಸ್ಸಿಗೆ ಬಂದಂಗ ಬರದಿಲ್ರಿ. ಹೆಸರು, ಇಸವಿ, ಪುಟಸಂಖ್ಯೆ ಎಲ್ಲ ಹಾಕೀನಿ. ಅವರು ಬರದದ್ದನ್ನ ನಾ ಉಲ್ಲೇಖ ಮಾಡೀನಿ, ಅಷ್ಟ.”

“ಅವ್ರು, ನಮ್ಮತ್ತೆ ಕೊಂದ್ರು ಅಂತ ಬರ್ದಿದ್ದಾರಾ?”

“ಉಳಿಸಿಕೊಳ್ಳದೆ ಕೈಯಾರೆ ಮಣ್ಣು ಮಾಡಿದರು ಅಂದ್ರ ಏನ್ರಿ ಅರ್ಥ? ನೀವ ಹೇಳ್ರಿ.”

“ನೀವು ಒಂದ್ಸಲ ಬಂದು ನಮ್ಮತ್ತೇನೇ ಕೇಳ್ಬೋದಿತ್ತಲ್ಲ ಸರ್. ಬಸ್ಸಿಗೆ ಮೂರು ತಾಸು.”

ಸುಜಯ ತನ್ನ ಪ್ರಬಂಧವನ್ನು ಮಡಚಿ ಒಳಗಿಟ್ಟ. ತಲೆಬರಹ ತನ್ನದಲ್ಲ, ಪತ್ರಿಕೆಯವರದು ಎಂದ. ಹೊರಡುವಾಗ ಗೇಟಿನತನಕ ಬಂದು, “ಮೂಲದೊಳಗ ತಪ್ಪಿದ್ರ ಮೂಲದವ್ರನ್ನ ಕೇಳ್ಬೇಕ್ರಿ” ಎಂದ.

ಮರುದಿನ ನೇತ್ರಾ ಶಿರಸಿಯ ಕಾಲೇಜಿಗೆ ಹೋದಳು. ಗ್ರಂಥಾಲಯದಲ್ಲಿ ಪ್ರಬಂಧ ತೆಗೆಸಿ ಎಪ್ಪತ್ತೊಂದನೆಯ ಪುಟ ಓದಿದಳು. ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ಗೆರೆ ಎಳೆದು ‘ಮುಖ್ಯ’ ಎಂದು ಬರೆದಿದ್ದರು. ಅಭಿಜ್ಞಾ ಅಷ್ಟೊತ್ತಿಗೆ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಪಿಎಚ್.ಡಿ.ಗೆ ಹೆಸರು ನೋಂದಾಯಿಸಲು ಕಾಯುತ್ತಿದ್ದಳು. ಪತ್ರಿಕೆಯನ್ನು ಅವಳೂ ನೋಡಿದ್ದಳು. ನೋಡಿ, ತಾನು ಹಾಗೆ ಬರೆದಿಲ್ಲವಲ್ಲ ಎಂದು ಸುಮ್ಮನಿದ್ದಳು. ನೇತ್ರಾ ಅವಳ ಎದುರು ಪ್ರಬಂಧ ತೆರೆದಿಟ್ಟು, “ಇದನ್ನ ಗಟ್ಟಿಯಾಗಿ ಓದಿ ಮೇಡಂ” ಎಂದಳು. ಅಭಿಜ್ಞಾ ಓದಿದಳು. ಓದುತ್ತ ಓದುತ್ತ ಅವಳ ಧ್ವನಿ ಇಳಿಯಿತು. ಮೊಬೈಲು ತೆಗೆದು, ಹದಿನಾರು ತಿಂಗಳ ಹಿಂದಿನ ಧ್ವನಿ ಹುಡುಕಿ ಇಬ್ಬರೂ ಕೇಳಿದರು. ‘ಗಂಡಾಗಿದ್ರೆ ಮನೆಯವ್ರು ಉಳಿಸ್ಕಳೂಕೆ ಓಡಾಡ್ತಿದ್ರು.’ ಅಭಿಜ್ಞಾ ಅಲ್ಲೇ ನಿಲ್ಲಿಸಿ, ಮುಖ ಮುಚ್ಚಿಕೊಂಡಳು.

“ಅಳೂದು ಆಮೇಲೆ. ಇದು ತಪ್ಪು ಅಂತ ಬರ್ದು ಕೊಡಿ” ಎಂದಳು ನೇತ್ರಾ.

ಬರೆದು ಕೊಡುವ ಮೊದಲು ಅಭಿಜ್ಞಾ ಗಂಗಾಂಬಿಕಾ ಮೇಡಂ ಹತ್ತಿರ ಹೋದಳು. ಮೇಡಂ ಪುಟ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಇದ್ರಲ್ಲಿ ಕೊಂದಳು ಅಂತ ಎಲ್ಲಿದೆ? ನಿನ್ನ ವಾಕ್ಯಕ್ಕೆ ಎರಡು ಅರ್ಥ ಬರ್ಬಹುದು. ಓದಿದವನು ತಪ್ಪು ಅರ್ಥ ತಗೊಂಡ. ಅದು ಅವನ ತಪ್ಪು.”

“ಆದ್ರೆ ಮೇಡಂ, ಧ್ವನೀಲಿ ಇರೋದು ಬೇರೆ.”

“ಪ್ರಬಂಧ ತಪ್ಪು ಅಂತ ನೀನೇ ಬರ್ದು ಕೊಟ್ರೆ ಪದವಿ ಮೇಲೆ ಪ್ರಶ್ನೆ ಏಳುತ್ತೆ. ಸಹಿ ಹಾಕಿದ ನನ್ನ ಮೇಲೂ ಏಳುತ್ತೆ. ಪಿಎಚ್.ಡಿ. ಆಸೆ ಇದ್ರೆ ಸುಮ್ನಿರು.”

ಅಭಿಜ್ಞಾ ಮನೆಗೆ ಫೋನ್ ಮಾಡಿದಳು. ತಾಯಿ ಎಲ್ಲ ಕೇಳಿಸಿಕೊಂಡರು. “ಪಾಸಾಜು, ಕೆಲ್ಸ ಸಿಕ್ಕಿದ್ದು. ಈಗ ಎಂತಕ್ಕೆ ಅದೆಲ್ಲ ಕೂಸೆ?”

“ಆನು ಸುಳ್ಳು ಬರದ್ದಿಲ್ಲೆ ಆಯಿ. ಆದ್ರೆ ಬರದಿದ್ದು ನಿಜ ಅಲ್ಲ. ಎಂತ ಮಾಡ್ಲಿ?”

“ಕಾಗ್ದದ ಮೇಲೆ ಎಂತದೂ ಕೊಡಡ.”

ತಾಯಿಯ ಮಾತನ್ನೂ ಮೇಡಂ ಮಾತನ್ನೂ ಅವಳು ಮೀರಲಿಲ್ಲ. ಕಾಗದದ ಮೇಲೆ ಏನೂ ಕೊಡಲಿಲ್ಲ. ನೇತ್ರಾಳಿಗೆ ಫೋನ್ ಮಾಡಿ, “ಆನು ಬರ್ತೆ” ಎಂದು ಮನೆಮಾತಿನಲ್ಲೇ ಹೇಳಿ, ತಿದ್ದಿಕೊಂಡು, “ನಾನೇ ಬಂದು ಗೌರಕ್ಕನಿಗೆ ಆ ಧ್ವನಿ ಕೇಳಿಸ್ತೇನೆ. ಅವ್ರು ನಂಬಿದ್ರೆ ಊರು ನಂಬುತ್ತೆ” ಎಂದಳು.

ಏಪ್ರಿಲ್ ಎರಡನೆಯ ವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳು ಬಂದಳು. ಮೊದಲು ದುರ್ಗಮ್ಮನ ಮನೆಗೆ ಹೋಗಿ ಕಾಲು ಮುಟ್ಟಿದಳು. ದುರ್ಗಮ್ಮ ಕಾಲು ಹಿಂದೆ ಎಳೆದುಕೊಂಡಳು. ಒಂದೇ ತಿಂಗಳಲ್ಲಿ ಅವಳ ರವಿಕೆ ತೋಳಿಗೆ ಸಡಿಲಾಗಿತ್ತು.

“ಆ ಧ್ವನಿಯಾಗೆ ಮುಂದಿನ ಮಾತೂ ಇದೆ ತಂಗೀ. ಬರೀಬ್ಯಾಡ ಅಂದಿದ್ದು.”

“ಗೊತ್ತು ದುರ್ಗಮ್ಮ. ಅದಕ್ಕೆ ಮುಂಚೆ ನಿಲ್ಲಿಸ್ತೇನೆ. ಆ ನಾಲ್ಕು ಮಾತು ಕೇಳ್ಸಿದ್ರೆ ಸಾಕು.”

ನಾಲ್ವರು ಹೆಂಗಸರು ಗೌರಕ್ಕನ ಮನೆಯ ಜಗಲಿಯಲ್ಲಿ ಕೂತರು. ಗೌರಕ್ಕ ಕಂಬಕ್ಕೆ ಒರಗಿ, ದುರ್ಗಮ್ಮನ ಕಡೆ ನೋಡದೆ ಕೂತಳು. ಮಾದೇವ ಜಗಲಿಯ ಇನ್ನೊಂದು ತುದಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ. ಬೇಲಿಯಾಚೆ ನಾಲ್ಕಾರು ಜನ ನಿಂತಿದ್ದರು. ಅಭಿಜ್ಞಾ ಮೊಬೈಲನ್ನು ನಡುವೆ ಇಟ್ಟು ಒತ್ತಿದಳು. ದುರ್ಗಮ್ಮನ ಮಾತು ಹೊರಟಿತು. ಉಳೀದೇ ಹೋದ ಹೆಣ್ಣುಕೂಸು ಮೂರು. ಗಂಡಾಗಿದ್ರೆ ಮನೆಯವ್ರು ಓಡಾಡ್ತಿದ್ರು, ಹೆಣ್ಣಲ್ದಾ, ಸುಮ್ನೆ ಕೂತ್ರು. ಈ ಕೈಯಾಗೇ ಮಣ್ಣು ಮಾಡ್ದೆ. ಅನ್ನ ಇಳೀತಿಲ್ಲ. ಅಲ್ಲಿಗೆ ಅಭಿಜ್ಞಾ ನಿಲ್ಲಿಸಿದಳು.

“ಕೇಳಿದ್ರಲ್ಲ ಗೌರಕ್ಕ. ಅವ್ರು ಕೊಂದೆ ಅಂತ ಹೇಳೇ ಇಲ್ಲ. ತಪ್ಪು ನಂದು.”

ಗೌರಕ್ಕ ಮೊಬೈಲನ್ನೇ ನೋಡುತ್ತಿದ್ದಳು. “ನಿಲ್ಸಿದ್ದು ಎಂತಕ್ಕೆ?”

“ಇಷ್ಟೇ ಬೇಕಾಗಿದ್ದು.”

“ಯಾರಿಗೆ ಬೇಕಾಗಿದ್ದು? ಮನೆಯವ್ರು ಸುಮ್ನೆ ಕೂತ್ರು ಅಂದ್ಲಲ್ಲ, ಯಾರ ಮನೆಯವ್ರು? ನೀವು ತುಂಡು ಮಾಡಿ ಬರ್ದಿದ್ದಕ್ಕೇ ಅಲ್ದಾ ಇಷ್ಟೆಲ್ಲ ಆಗಿದ್ದು? ಈಗ ತುಂಡು ಮಾಡಿ ಕೇಳ್ಸ್ತೀರಾ? ಕಡೀತನಕ ಹಾಕಿ.”

ಅಭಿಜ್ಞಾ ದುರ್ಗಮ್ಮನ ಮುಖ ನೋಡಿದಳು. ನೇತ್ರಾ ಅತ್ತೆಯ ಮೊಣಕೈ ಹಿಡಿದು ಬೇಡ ಎನ್ನುವಂತೆ ಒತ್ತಿದಳು. ದುರ್ಗಮ್ಮ ಮುಖಕ್ಕೆ ಮಣ್ಣು ಎರಚಿಸಿಕೊಂಡವಳು. ಎಣ್ಣೆ ಬಿಸಿ ಮಾಡಿಕೊಂಡು ಮುಚ್ಚಿದ ಬಾಗಿಲ ಎದುರು ಕೂತವಳು. ಬೇಲಿಯಾಚೆ ನಿಂತ ಜನರನ್ನು ಒಮ್ಮೆ ನೋಡಿ, “ಹಾಕು” ಎಂದಳು.

ಮೊಬೈಲಿನಿಂದ ಅವಳ ಧ್ವನಿ ಮತ್ತೆ ಬಂತು.

“ಗೌರಿದು ಸತ್ತು ಹುಟ್ಟಿದ್ದಲ್ಲ ತಂಗೀ. ನೀಲಿ ಆಗಿತ್ತು, ಆದ್ರೆ ಉಸಿರಿತ್ತು. ಎರಡು ತಾಸು ಇತ್ತು. ನಡು ಮಧ್ಯಾಹ್ನ. ಆಚೆಮನೆ ಅಂಗಳದಾಗೆ ಜೀಪು ನಿಂತಿತ್ತು. ಸಿದ್ದಾಪುರಕ್ಕೆ ಒಯ್ಯೂಣ ಅಂತ ನಾ ಮಾದೇವಂಗೆ ಕೈ ಮುಗ್ದೆ. ‘ಹೆಣ್ಣಲ್ದಾ, ಇಷ್ಟುದ್ದ ಜೀವಕ್ಕೆ ಜೀಪು ಎಂತಕ್ಕೆ, ಬದುಕೂದಿದ್ರೆ ಇಲ್ಲೇ ಬದುಕ್ತದೆ’ ಅಂದ. ಗೌರಿಗೆ ರಕ್ತ ನಿಂತಿರ್ಲಿಲ್ಲ, ಅವಳನ್ನ ಬಿಟ್ಟು ನಾ ಹೋಗೂಕೆ ಆಗ್ಲಿಲ್ಲ. ಕೂಸು ನನ್ನ ಮಡಿಲಾಗೇ ಹೋತು. ಅವಳು ಎದ್ದ ಮ್ಯಾಲೆ ಸುಳ್ಳು ಹೇಳ್ದೆ. ಗಂಡನ ಮನೆಯಾಗೆ ಬಾಳ್ವೆ ಮಾಡೂ ಹೆಂಗ್ಸಿಗೆ ಇದನ್ನ ಹೆಂಗೆ ಹೇಳೂದು? ಇದೊಂದು ಬರೀಬ್ಯಾಡ ತಂಗೀ.”

ಧ್ವನಿ ಮುಗಿಯಿತು. ಮಾದೇವ ಬಾಯಲ್ಲಿದ್ದುದನ್ನು ಅಂಗಳಕ್ಕೆ ಉಗಿದ.

“ಹೌದಾ?” ಎಂದು ಗೌರಕ್ಕ ಕೇಳಿದಳು.

“ಮೂವತ್ತು ವರ್ಷದ ಮಾತು ಯಾರಿಗೆ ನೆನಪಿರ್ತದೆ?” ಎಂದ ಮಾದೇವ. ಎದ್ದು ಗದ್ದೆ ಕಡೆ ಹೋದ.

ಗೌರಕ್ಕ ಅವನ ಹಿಂದೆ ನೋಡಲಿಲ್ಲ. ಅಭಿಜ್ಞಾಳಿಗೆ ಇನ್ನೊಂದು ಸಲ ಹಾಕಲು ಹೇಳಿದಳು. ಎರಡನೆಯ ಸಲ ‘ಎರಡು ತಾಸು’ ಎನ್ನುವಲ್ಲಿ ಅವಳ ಬಾಯಿ ತೆರೆದುಕೊಂಡಿತು, ಆದರೆ ಅಳು ಬರಲಿಲ್ಲ. ಆಮೇಲೆ ದುರ್ಗಮ್ಮನ ಕಡೆ ತಿರುಗಿದಳು.

“ಎರಡು ತಾಸು ನನ್ನ ಕೂಸು ಬದುಕಿತ್ತು. ಒಂದ್ಸಲನೂ ನನ್ನ ಎದೆಗೆ ಹಾಕಿಲ್ಲ ನೀನು.”

“ನಿಂಗೆ ಪ್ರಜ್ಞೆ ಇರ್ಲಿಲ್ಲ ಗೌರೀ.”

“ಆಮೇಲೆ ಮೂವತ್ತು ವರ್ಷ ಇತ್ತಲ್ಲ ಪ್ರಜ್ಞೆ? ನನ್ನ ಮನೆ ಹಬ್ಬಕ್ಕೆಲ್ಲ ಬಂದು ಉಂಡೆ. ಅವನಿಗೆ ನಾ ಈ ಕೈಯಾಗೆ ಅನ್ನ ಬಡಿಸೂದನ್ನ ಎದುರು ಕೂತು ನೋಡ್ದೆ. ನನಗೆ ಹೇಳ್ದೆ ಇದ್ದಿದ್ದನ್ನ, ಯಾವತ್ತೂ ನೋಡದ ಈ ಹುಡುಗಿಗೆ ಹೇಳ್ದೆ.” ಎದ್ದು ನಿಂತು ಅಂದಳು, “ಕೊಂದೆ ಅಂತ ಹೇಳಿದ್ರೂ ನಾ ಸಹಿಸ್ಕತಿದ್ದೆ.”

ದುರ್ಗಮ್ಮ ಏಳಲು ಹೋದಳು, ಆಗಲಿಲ್ಲ. ನೇತ್ರಾ ಎತ್ತಿ ಹಿಡಿದು ಮನೆಗೆ ಕರೆದುಕೊಂಡು ಬಂದಳು.

ದುರ್ಗಮ್ಮ ಕೂಸುಗಳನ್ನು ಕೊಂದಿಲ್ಲ ಎಂಬುದು ಊರಿಗೆ ತಿಳಿಯಿತು. ಅದರಿಂದ ಅವಳಿಗೆ ಏನೂ ಮರಳಿ ಬರಲಿಲ್ಲ. ‘ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು’ ಎಂಬ ಮಾತು ಹುಟ್ಟಿತು. ಮನೆಯ ಮಾತನ್ನು ಹೊರ ಊರಿನವಳ ಮೊಬೈಲಿಗೆ ಹಾಕಿ ಗೌರಕ್ಕನ ಸಂಸಾರ ಒಡೆದವಳು ಎಂದೂ ಅಂದರು. ಮಾದೇವನಿಗೆ ಯಾರೂ ಏನೂ ಅನ್ನಲಿಲ್ಲ. ಅವನು ಡೇರಿಗೆ ಹಾಲು ಒಯ್ಯುತ್ತಾನೆ, ಸಂಘದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಗೌರಕ್ಕ ಅವನಿಗೆ ಹೊತ್ತು ಹೊತ್ತಿಗೆ ಅನ್ನ ಹಾಕುತ್ತಾಳೆ, ಮಾತಾಡುವುದಿಲ್ಲ. ಗಂಡುಮಕ್ಕಳಿಬ್ಬರೂ ಅಪ್ಪನ ಪರ. ಪತ್ರಿಕೆ ಎರಡು ಸಾಲಿನ ವಿಷಾದ ಪ್ರಕಟಿಸಿತು, ಒಳಪುಟದಲ್ಲಿ, ಟೆಂಡರ್ ಪ್ರಕಟಣೆಗಳ ಕೆಳಗೆ. ಅದರಲ್ಲಿ ದುರ್ಗಮ್ಮನ ಹೆಸರಿರಲಿಲ್ಲ.

ಅಭಿಜ್ಞಾಳಿಗೆ ನಿಜವಾಗಿಯೂ ನಿದ್ದೆ ಹತ್ತುತ್ತಿರಲಿಲ್ಲ ಎಂದು ಅವಳ ಜೊತೆಯವರು ಹೇಳುತ್ತಾರೆ. ಮರುವರ್ಷ ಅವಳು ಒಂದು ವಿಚಾರಸಂಕಿರಣಕ್ಕೆ ಪ್ರಬಂಧ ಬರೆದಳು. ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಮಾತನ್ನು ಸಂಗ್ರಹಿಸಿ ಹೇಳುವಾಗ ಆಗುವ ಅನ್ಯಾಯದ ಬಗ್ಗೆ. ತನ್ನ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದಳು. ಹೆಸರುಗಳನ್ನು ಬದಲಿಸಿದ್ದಳು. ಈ ಸಲ ದುರ್ಗಮ್ಮನ ಮಾತುಗಳು ಒಂದಕ್ಷರ ತಪ್ಪದೆ, ಆಡುಮಾತಿನಲ್ಲೇ, ಉದ್ಧರಣ ಚಿಹ್ನೆಗಳ ನಡುವೆ ಇದ್ದವು. ಗೌರಕ್ಕನ ಕೂಸಿನ ಭಾಗವೂ ಇತ್ತು. ಕೊನೆಯ ‘ಇದೊಂದು ಬರೀಬ್ಯಾಡ ತಂಗೀ’ ಕೂಡ. ಅದಕ್ಕೆ ಆ ವಿಚಾರಸಂಕಿರಣದ ಉತ್ತಮ ಪ್ರಬಂಧ ಪ್ರಶಸ್ತಿ ಬಂತು. ಪಿಎಚ್.ಡಿ. ನೋಂದಣಿಯೂ ಆಯಿತು, ಗಂಗಾಂಬಿಕಾ ಮೇಡಂ ಕೈಕೆಳಗೇ. ಅವಳು ಅದರ ಒಂದು ಪ್ರತಿಯನ್ನು ನೇತ್ರಾಳಿಗೆ ಅಂಚೆಯಲ್ಲಿ ಕಳಿಸಿದ್ದಳು. ನೇತ್ರಾ ಓದಿ, ಬಚ್ಚಲೊಲೆಗೆ ಹಾಕಿದಳು. ಅತ್ತೆಗೆ ಹೇಳಲಿಲ್ಲ.

ಎಪ್ಪತ್ತೊಂದನೆಯ ಪುಟ ಈಗಲೂ ಗ್ರಂಥಾಲಯದಲ್ಲಿ ಇದ್ದ ಹಾಗೇ ಇದೆ. ಸುಜಯನ ಪ್ರಬಂಧ ಪುಸ್ತಕವಾಗಿ ಬಂದಿದೆ. ಅದನ್ನು ಆಧರಿಸಿ ಬರೆದ ಇನ್ನೆರಡು ಲೇಖನಗಳನ್ನು ನೇತ್ರಾ ಮೊಬೈಲಿನಲ್ಲಿ ಕಂಡಿದ್ದಾಳೆ. ಮೂರನೆಯದನ್ನು ಹುಡುಕುವುದು ಬಿಟ್ಟಿದ್ದಾಳೆ.

ಕಳೆದ ಡಿಸೆಂಬರಿನಲ್ಲಿ ಶಿರಸಿಯಿಂದ ಇಬ್ಬರು ವಿದ್ಯಾರ್ಥಿನಿಯರು ಬಂದರು. ಅಭಿಜ್ಞಾಳ ಪ್ರಬಂಧ ಓದಿ, ಬದಲಿಸಿದ ಹೆಸರುಗಳ ಹಿಂದಿನ ಊರನ್ನು ಸುಲಭವಾಗಿ ಪತ್ತೆ ಮಾಡಿದ್ದರು. ಒಪ್ಪಿಗೆಪತ್ರ ಅಚ್ಚು ಹಾಕಿಸಿಕೊಂಡೇ ಬಂದಿದ್ದರು.

“ಅದ್ರಾಗೆ ಎಂತ ಬರ್ದಿದೆ?” ಎಂದು ದುರ್ಗಮ್ಮ ಕೇಳಿದಳು.

ನೇತ್ರಾ ಓದಿದಳು. “ನೀವು ಹೇಳಿದ್ದನ್ನ ನೀವು ಹೇಳಿದ ಹಾಗೇ ಬರೀತಾರಂತೆ.”

“ಬ್ಯಾಡ. ಹೋಗೂಕೆ ಹೇಳು.”

ಹುಡುಗಿಯರು ಬಲವಂತ ಮಾಡಲಿಲ್ಲ. ನಮಸ್ಕಾರ ಮಾಡಿ, ಮೂರು ಮನೆ ಆಚೆ ಗೌರಕ್ಕನ ಅಂಗಳಕ್ಕೆ ಹೋದರು. ಗೌರಕ್ಕ ಅವರನ್ನು ಒಳಗೆ ಕರೆದಳು, ಚಹಾ ಕೊಟ್ಟಳು. ಜಗಲಿಯಲ್ಲಿ ಚಾಪೆ ಹಾಸಿ ಕೂತು, ಮಧ್ಯಾಹ್ನದ ಊಟದ ಹೊತ್ತು ಮೀರುವತನಕ ಮಾತಾಡಿದಳು. ಮಾತು ಕೇಳಿಸುತ್ತಿರಲಿಲ್ಲ. ಮಾತಿನ ನಡುವೆ ಅವಳ ಕೈ ಆಗಾಗ ಎದ್ದು ಈ ಮನೆಯ ಕಡೆ ತೋರಿಸುತ್ತಿತ್ತು. ಹುಡುಗಿಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಗೌರಕ್ಕ ಪತ್ರ ಇಸಿದುಕೊಂಡು, ತೊಡೆಯ ಮೇಲಿಟ್ಟು, ನಿಧಾನವಾಗಿ ಸಹಿ ಹಾಕಿದಳು.

ದುರ್ಗಮ್ಮ ತನ್ನ ಅಂಗಳದಲ್ಲಿ ನಿಂತು ಅದನ್ನೆಲ್ಲ ನೋಡಿದಳು. ಸೊಸೆ ಎರಡು ಸಲ ಊಟಕ್ಕೆ ಕರೆದಳು. ಅವಳು ಬರಲಿಲ್ಲ.